ಎಡಕ್ಕೆ ನೀರು, ಬಲಕ್ಕೆ ಕಾಡು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ ಮಕ್ಕಳು ಎಡಬದಿಯ ಕಿಟಕಿಗೇ ಹಟ ಹಿಡಿಯುವುದಕ್ಕೆ ಕಾರಣವಿದೆ. ಊರು ಬಿಟ್ಟು ಅರ್ಧ ಗಂಟೆಯೊಳಗೆ ಗಾಜನೂರು ಬರುತ್ತದೆ. ಮರಗಳ ಸಂದಿಯಲ್ಲಿ ತುಂಗೆಯ ಹಿನ್ನೀರು ಮಿಂಚಿ ಮರೆಯಾಗುತ್ತದೆ. ಅಲ್ಲಿಂದ ಸ್ವಲ್ಪ ಮುಂದೆಯೇ ಸಕ್ರೆಬೈಲು. ಅದೃಷ್ಟವಿದ್ದ ದಿನ ದಡದ ನೀರಿನಲ್ಲಿ ನಾಲ್ಕೈದು ಕರಿಬಂಡೆಗಳು ಕಾಣಿಸುತ್ತವೆ. ಅವುಗಳಲ್ಲೊಂದು ಕಿವಿ ಬೀಸಿತೆಂದರೆ ಇಡೀ ಬಸ್ಸೇ ‘ಆನೆ, ಆನೆ’ ಎಂದು ಎಡಕ್ಕೆ ವಾಲುತ್ತದೆ. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಕಂಡಕ್ಟರು ಚಿಲ್ಲರೆ ಕೊಟ್ಟು ಮುಗಿಸುವ ಮೊದಲೇ ಆನೆಯೂ ಇಲ್ಲ, ನೀರೂ ಇಲ್ಲ.

ಇದೇ ದಾರಿಯನ್ನು ಸೈಕಲ್ಲಿನಲ್ಲಿ ಹೋದವರ ಅನುಭವವೇ ಬೇರೆ. ಶಿವಮೊಗ್ಗದಿಂದ ಸಕ್ರೆಬೈಲಿಗೆ ಸುಮಾರು 14 ಕಿ.ಮೀ. ದಿನಾ ಹೈಸ್ಕೂಲಿಗೆ ಸೈಕಲ್ ತುಳಿದು ಅಭ್ಯಾಸವಿರುವ ಹುಡುಗ ಹುಡುಗಿಯರಿಗೆ ಇದು ಒಂದು ಗಂಟೆಯ ಹಾದಿ. ನಡುವೆ ನಿಂತು ನೀರು ಕುಡಿದು, ಸೇತುವೆ ಕಂಡಲ್ಲಿ ಬಗ್ಗಿ ನೋಡಿ, ಚೈನು ಕಳಚಿದರೆ ಹಾಕಿಕೊಂಡು ಹೋದರೂ ಒಂದೂವರೆ ಗಂಟೆ ಮೀರದು. ಬೆಳಿಗ್ಗೆ ಆರೂವರೆಗೆ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟರೆ ಆನೆಗಳ ಸ್ನಾನದ ಹೊತ್ತಿಗೆ ಸರಿಯಾಗಿ ತಲುಪಬಹುದು. ಮಲೆನಾಡೆಂದರೆ ಬರೀ ಏರು ಎಂದು ಹೆದರಬೇಕಾದ್ದೂ ಇಲ್ಲ. ಶಿವಮೊಗ್ಗ ನಗರ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಗಾಜನೂರಿನ ಜಲಾಶಯ ತುಂಬಿದಾಗ ನೀರಿನ ಮಟ್ಟ 588.24 ಮೀಟರ್. ಅಂದರೆ ಊರಿಗೂ ನೀರಿಗೂ ಇರುವ ವ್ಯತ್ಯಾಸ ಒಂದು ತೆಂಗಿನಮರದಷ್ಟು. ರಸ್ತೆ ಮಾತ್ರ ತನ್ನ ಸ್ವಭಾವದಂತೆ ಹತ್ತುತ್ತದೆ, ಇಳಿಯುತ್ತದೆ. ಹತ್ತುವಾಗ ತೆತ್ತದ್ದನ್ನು ಇಳಿಯುವಾಗ ಬಹುಪಾಲು ಹಿಂದಕ್ಕೆ ಪಡೆಯಬಹುದು. ಸ್ಥಿತಿಶಕ್ತಿ ಚಲನಶಕ್ತಿಯಾಗುವ ಪಾಠವನ್ನು ಕರಿಹಲಗೆಗಿಂತ ಚೆನ್ನಾಗಿ ಕಲಿಸುವುದು ಇಂಥ ಇಳಿಜಾರೇ.

ತೀರ್ಥಹಳ್ಳಿ ಸೀಮೆಗೂ ಸೈಕಲ್ಲಿಗೂ ಸಾಹಿತ್ಯದಲ್ಲಿಯೂ ಒಂದು ನಂಟಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿಯೊಬ್ಬರ ಜೊತೆ ಈ ಕಾಡಿನ ಹಳ್ಳಿಗಳಿಗೆ ಮೊದಲ ಸೈಕಲ್ ಬಂದಾಗ ಜನ ಅದಕ್ಕೆ ಇಟ್ಟ ಹೆಸರು ‘ಬೀಸೆಕಲ್ಲು’. ಎರಡು ಚಕ್ರದ ಮೇಲೆ ಮನುಷ್ಯ ಬೀಳದೆ ಕೂತಿರುವುದು ಅವರಿಗೆ ಪವಾಡ. ಅತ್ತ ಭದ್ರಾವತಿಯಲ್ಲಿ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳು ಭರಾಟೆಯಿಂದ ನಡೆಯುತ್ತಿದ್ದ ಕಾಲದಲ್ಲಿ ಪಾಳಿಯ ಸೈರನ್ ಕೂಗಿದರೆ ರಸ್ತೆಯ ತುಂಬ ಸೈಕಲ್ಲುಗಳೇ. ಪವಾಡವಾಗಿದ್ದದ್ದು ಎರಡು ತಲೆಮಾರಿನಲ್ಲಿ ಊಟದ ಡಬ್ಬಿ ನೇತುಹಾಕುವ ವಾಹನವಾಯಿತು. ಈಗ ಅದು ಮತ್ತೆ ಅಪರೂಪವಾಗುತ್ತಿದೆ.

ನೀರಿನ ಪಕ್ಕದಲ್ಲಿ ಸೈಕಲ್ ತುಳಿಯುವುದನ್ನೇ ಒಂದು ನಾಡಹಬ್ಬದಂತೆ ಮಾಡಿಕೊಂಡವರು ಜಪಾನಿನಲ್ಲಿದ್ದಾರೆ. ಕ್ಯೋಟೋ ನಗರಕ್ಕೆ ಹತ್ತಿರದ ಶಿಗಾ ಪ್ರಾಂತದಲ್ಲಿ ಬಿವಾ ಎಂಬ ಸರೋವರವಿದೆ. ಬಿವಾ ಎಂದರೆ ಅಲ್ಲಿನ ಒಂದು ತಂತಿವಾದ್ಯ, ಇಲ್ಲಿನ ವೀಣೆಗೆ ದೂರದ ನೆಂಟ. ಸರೋವರದ ಆಕಾರ ಆ ವಾದ್ಯವನ್ನು ಹೋಲುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಜಪಾನಿನ ಅತಿ ದೊಡ್ಡ ಸರೋವರವಾದ ಅದರ ವಿಸ್ತೀರ್ಣ ಸುಮಾರು 670 ಚದರ ಕಿ.ಮೀ.; ಅತಿ ಆಳ ಸುಮಾರು 104 ಮೀಟರ್. ಅದಕ್ಕೆ ಒಂದು ಸುತ್ತು ಬರುವ ಸೈಕಲ್ ಹಾದಿ ಹೆಚ್ಚು ಕಡಿಮೆ 200 ಕಿ.ಮೀ. ‘ಬಿವಾಯಿಚಿ’, ಅಂದರೆ ಬಿವಾಕ್ಕೆ ಒಂದು ಸುತ್ತು, ಎಂದೇ ಅದರ ಹೆಸರು. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಉಳಿದವರು ನಡುವೆ ಎಲ್ಲಾದರೂ ತಂಗಿ ಎರಡು ದಿನ ಮಾಡುತ್ತಾರೆ. 2019ರ ನವೆಂಬರಿನಲ್ಲಿ ಜಪಾನ್ ಸರ್ಕಾರ ತನ್ನ ಮೊದಲ ಮೂರು ‘ರಾಷ್ಟ್ರೀಯ ಸೈಕಲ್ ಮಾರ್ಗ’ಗಳನ್ನು ಗೊತ್ತುಪಡಿಸಿದಾಗ ಬಿವಾ ಅವುಗಳಲ್ಲೊಂದಾಗಿತ್ತು.

ಅಲ್ಲಿ ಒಂದು ಚಿಕ್ಕ ಜಾಣತನವಿದೆ. ಸುತ್ತನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಹಾಕಬೇಕೆಂದು ಹೇಳುತ್ತಾರೆ. ಯಾಕೆ? ಭಾರತದಂತೆಯೇ ಜಪಾನಿನಲ್ಲಿಯೂ ವಾಹನಗಳು ರಸ್ತೆಯ ಎಡಭಾಗದಲ್ಲಿ ಓಡುತ್ತವೆ. ಅಪ್ರದಕ್ಷಿಣೆಯಾಗಿ ಹೋದರೆ ಸರೋವರ ಸದಾ ಸವಾರನ ಎಡಕ್ಕೆ, ತೀರ ಪಕ್ಕದಲ್ಲಿರುತ್ತದೆ. ಪ್ರದಕ್ಷಿಣೆಯಾಗಿ ಹೋದರೆ ನೀರಿಗೂ ಕಣ್ಣಿಗೂ ನಡುವೆ ಎದುರಿನಿಂದ ಬರುವ ಲಾರಿಗಳ ಸಾಲು. ಈ ಲೆಕ್ಕ ಸಕ್ರೆಬೈಲಿನ ದಾರಿಗೂ ಅನ್ವಯಿಸುತ್ತದೆ. ತೀರ್ಥಹಳ್ಳಿ ರಸ್ತೆ ತುಂಗೆಯ ಎಡದಂಡೆಯಲ್ಲಿದೆ. ನದಿ ಹರಿಯುವ ದಿಕ್ಕಿಗೆ ಎದುರಾಗಿ ಹೋಗುವುದರಿಂದ ಹೊಳೆ ಸವಾರನ ಎಡಕ್ಕೇ ಬರುತ್ತದೆ. ನದಿಯ ಎಡದಂಡೆ ಯಾವುದು, ಬಲದಂಡೆ ಯಾವುದು ಎಂದು ಪರೀಕ್ಷೆಯಲ್ಲಿ ತಡವರಿಸುವ ಮಕ್ಕಳು ಒಮ್ಮೆ ಈ ದಾರಿಯಲ್ಲಿ ಹೋಗಿ ಬಂದರೆ ಮತ್ತೆ ಮರೆಯುವುದಿಲ್ಲ. ಹೋಗುವಾಗ ಎಡಕ್ಕೆ ನೀರು, ಬಲಕ್ಕೆ ಕಾಡು.

ಮಂಡ್ಲಿ ದಾಟಿದ ಮೇಲೆ ಊರಿನ ಗದ್ದಲ ತಗ್ಗುತ್ತದೆ. ಒಂದಷ್ಟು ದೂರ ಗದ್ದೆ, ಅಡಿಕೆ ತೋಟ, ಟೀ ಅಂಗಡಿ. ಗಾಳಿಯಲ್ಲಿ ತಣುಪು ಹೆಚ್ಚಿತೆಂದರೆ ಗಾಜನೂರು ಬಂತೆಂದೇ ಲೆಕ್ಕ. ಇಲ್ಲಿ ತುಂಗೆಗೆ 1950ರ ದಶಕದಲ್ಲಿ ಒಂದು ಅಣೆಕಟ್ಟು ಕಟ್ಟಿದ್ದರು. ಅನಂತರ ತುಂಗಾ ಮೇಲ್ದಂಡೆ ಯೋಜನೆಗಾಗಿ ಅದರ ಕೆಳಗಡೆ, ತೀರ ಹತ್ತಿರದಲ್ಲಿ, ಈಗಿನ ಎತ್ತರದ ಅಣೆಕಟ್ಟು ಎದ್ದಿತು. ಇಪ್ಪತ್ತಕ್ಕೂ ಹೆಚ್ಚು ಗೇಟುಗಳಿರುವ ಈ ಅಣೆಕಟ್ಟಿನ ಕಾಲುವೆ ಶಿವಮೊಗ್ಗ, ದಾವಣಗೆರೆ, ಹಾವೇರಿ ಜಿಲ್ಲೆಗಳ ಹೊಲಗಳ ಕಡೆಗೆ ಹೋಗುತ್ತದೆ.

ಜಲಾಶಯದ ಸಾಮರ್ಥ್ಯ 3.24 ಟಿಎಂಸಿ. ಪತ್ರಿಕೆಗಳಲ್ಲಿ ಮಳೆಗಾಲ ಪೂರ್ತಿ ಕಾಣುವ ಈ ‘ಟಿಎಂಸಿ’ ಎಷ್ಟೆಂದು ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಹಾಗಾಗಿ ಗಾಜನೂರು ತುಂಬಿದಾಗ ಅಲ್ಲಿರುವ ನೀರು ಸುಮಾರು 9,200 ಕೋಟಿ ಲೀಟರ್. ದೊಡ್ಡ ಸಂಖ್ಯೆಯೇ ಸರಿ. ಆದರೆ ಬಿವಾ ಸರೋವರದಲ್ಲಿರುವುದು ಸುಮಾರು 27.5 ಘನ ಕಿಲೋಮೀಟರ್ ನೀರು. ಅಂಥ ಒಂದು ಬಿವಾ ತುಂಬಲು ಮುನ್ನೂರು ಗಾಜನೂರು ಬೇಕು! ಭದ್ರಾವತಿಯ ಮಕ್ಕಳಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯವೇ ಹೆಚ್ಚು ಪರಿಚಿತವಾದ್ದರಿಂದ ಅವರು ತಮ್ಮ ಲೆಕ್ಕ ಹಾಕಿಕೊಳ್ಳಬಹುದು: ಅದರ ಸಾಮರ್ಥ್ಯ 71.5 ಟಿಎಂಸಿ, ಅಂಥವು ಹದಿನಾಲ್ಕಿರಬೇಕು.

ಗಾತ್ರದಲ್ಲಿ ಸೋತ ಗಾಜನೂರು ಇನ್ನೊಂದು ವಿಷಯದಲ್ಲಿ ಗೆಲ್ಲುತ್ತದೆ. ಆಗುಂಬೆ, ಶೃಂಗೇರಿ ಕಡೆ ಮಳೆ ಹಿಡಿದಾಗ ಇಲ್ಲಿಗೆ ಸೆಕೆಂಡಿಗೆ ಐವತ್ತು ಸಾವಿರ ಘನ ಅಡಿ ನೀರು ಬರುವುದು ಅಪರೂಪವಲ್ಲ. ಒಂದು ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ 4.32 ಟಿಎಂಸಿ. ಅಂದರೆ ಇಡೀ ಜಲಾಶಯದ ನೀರು ಹದಿನೆಂಟು ಗಂಟೆಯಲ್ಲಿ ಒಮ್ಮೆ ಪೂರ್ತಿ ಬದಲಾಗಬಹುದು. ಬಿವಾದ ನೀರು ಹಾಗೆ ಬದಲಾಗಲು ವರ್ಷಗಳೇ ಬೇಕು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಅಣೆಕಟ್ಟು ಹಿಂದಾದಂತೆ ಬಲಕ್ಕೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು ಹತ್ತಿರವಾಗುತ್ತದೆ. ತೇಗ, ಮತ್ತಿ, ನಂದಿ, ಹೊನ್ನೆ, ನಡುನಡುವೆ ಬಿದಿರಿನ ಹಿಂಡಿಲು. 1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಈ ಕಾಡಿನೊಳಗೆ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮನೆ ಹೊಲ ಮುಳುಗಿ ಬಂದು ನೆಲೆಸಿದ ಕುಟುಂಬಗಳೂ ಇವೆ. ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಓಡಾಟ ದಶಕಗಳದು. ಹಿನ್ನೀರಿನ ಚೆಲುವನ್ನು ನೋಡುವಾಗ ಈ ಮಾತೂ ನೆನಪಿರಬೇಕು. ಮಲೆನಾಡಿನ ಈ ಕಡಲಿನಂಥ ನೀರುಗಳು ಬಿವಾದಂತೆ ಪ್ರಕೃತಿ ಲಕ್ಷಾಂತರ ವರ್ಷದಲ್ಲಿ ತುಂಬಿದ್ದಲ್ಲ. ಮನುಷ್ಯ ಕಟ್ಟಿದ ಗೋಡೆಯ ಹಿಂದೆ ನಿಂತವು.

ಸಕ್ರೆಬೈಲು ಎಂಬ ಹೆಸರಿನಲ್ಲೇ ಸಿಹಿ ಇದೆ. ಮಲೆನಾಡಿನಲ್ಲಿ ಬೈಲು ಎಂದರೆ ಗುಡ್ಡಗಳ ನಡುವಿನ ಸಮತಟ್ಟು ಜಾಗ. ಅಂಥ ಜಾಗದಲ್ಲಿ, ಹಿನ್ನೀರಿನ ಅಂಚಿನಲ್ಲಿ, ಅರಣ್ಯ ಇಲಾಖೆಯ ಆನೆ ಬಿಡಾರವಿದೆ. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಆನೆಗಳು ಒಂದೊಂದಾಗಿ ಕಾಡಿನಿಂದ ಬರತೊಡಗುತ್ತವೆ. ರಾತ್ರಿಯೆಲ್ಲ ಅವು ಕಾಡಿನಲ್ಲಿ ಮೇಯುತ್ತವೆ. ಕಾಲಿಗೆ ಕಟ್ಟಿದ ಉದ್ದನೆಯ ಸರಪಳಿ ನೆಲದ ಮೇಲೆ ಎಳೆದ ಗೆರೆಯನ್ನು ಹಿಡಿದು ಮಾವುತರು, ಕಾವಾಡಿಗಳು ಬೆಳಕು ಹರಿಯುವ ಮೊದಲೇ ಹುಡುಕಿಕೊಂಡು ಹೋಗಿ ಕರೆತರುತ್ತಾರೆ. ಕಾಡಾನೆಗಳ ಜೊತೆ ಜಗಳ ತೆಗೆದು ಗಾಯ ಮಾಡಿಕೊಂಡು ಬರುವ ಸಲಗಗಳೂ ಉಂಟು, ಅದೇ ಕಾಡಾನೆಗಳ ಸಂಸಾರ ಕಟ್ಟಿಕೊಂಡು ಬಸುರಾಗಿ ಬರುವ ಹೆಣ್ಣಾನೆಗಳೂ ಉಂಟು. ಇಲ್ಲಿನ ದೊಡ್ಡ ಆನೆಗಳು ನಿರುದ್ಯೋಗಿಗಳಲ್ಲ. ಊರಿಗೆ ನುಗ್ಗಿದ ಕಾಡಾನೆಯನ್ನು ಹಿಡಿಯಲು, ಓಡಿಸಲು ಇವನ್ನೇ ಲಾರಿಯಲ್ಲಿ ಒಯ್ಯುತ್ತಾರೆ. ಶಿವಮೊಗ್ಗದ ದಸರೆಯಲ್ಲಿ ಅಂಬಾರಿ ಹೊರುವ ‘ಸಾಗರ’ ಈ ಬಿಡಾರದ್ದೇ.

ನೀರಿಗಿಳಿದ ಆನೆ ಮೊದಲು ಕುಡಿಯುತ್ತದೆ. ಸೊಂಡಿಲಿನಿಂದ ಕುಡಿಯುವುದಿಲ್ಲ, ಸೊಂಡಿಲಿಗೆ ಎಳೆದುಕೊಂಡು ಬಾಯಿಗೆ ಸುರಿದುಕೊಳ್ಳುತ್ತದೆ. ಆಮೇಲೆ ಮಾವುತ ಹೇಳಿದಂತೆ ಒಂದು ಮಗ್ಗುಲಿಗೆ ಮಲಗುತ್ತದೆ. ತಲೆ ಮುಳುಗಿದರೂ ಸೊಂಡಿಲ ತುದಿಯಷ್ಟೇ ಹೊರಗಿರುತ್ತದೆ, ಉಸಿರಾಟದ ಕೊಳವೆಯಂತೆ. ಮಾವುತ ಮೈಮೇಲೆ ನಿಂತು ಗಸಗಸ ಉಜ್ಜುತ್ತಾನೆ. ಅದು ಕಣ್ಣು ಅರೆಮುಚ್ಚಿ ಮಲಗಿರುವ ಸೊಗಸು ನೋಡಿದರೆ ಅಭ್ಯಂಜನದ ದಿನ ಅಜ್ಜಿಯ ಕೈಗೆ ಸಿಕ್ಕ ಮಗುವಿನ ನೆನಪಾಗುತ್ತದೆ. ಆದರೆ ಈ ಸ್ನಾನ ಶೋಕಿಯಲ್ಲ. ಆನೆಗೆ ಉಗುರಿನ ಬುಡ ಬಿಟ್ಟರೆ ಬೆವರಿನ ಗ್ರಂಥಿಗಳೇ ಇಲ್ಲ. ಅಷ್ಟು ದೊಡ್ಡ ದೇಹದಲ್ಲಿ ಹುಟ್ಟುವ ಶಾಖವನ್ನು ಹೊರಹಾಕಲು ಅದಕ್ಕಿರುವ ದಾರಿ ಎರಡು: ರಕ್ತನಾಳಗಳು ಹೆಣೆದುಕೊಂಡಿರುವ ಅಗಲ ಕಿವಿಗಳು, ಮತ್ತು ನೀರು. ಚರ್ಮದ ಮೇಲಿನ ಸುಕ್ಕು ಬಿರುಕುಗಳು ನೀರನ್ನೂ ಕೆಸರನ್ನೂ ಹಿಡಿದಿಟ್ಟುಕೊಂಡು ನಿಧಾನವಾಗಿ ಆರಗೊಡುತ್ತವೆ. ಮಡಕೆಯ ನೀರು ತಣ್ಣಗಿರುವುದಕ್ಕೆ ಏನು ಕಾರಣವೋ ಇಲ್ಲಿಯೂ ಅದೇ.

ಸ್ನಾನ ಮುಗಿಸಿ ಆನೆಗಳು ದಡ ಹತ್ತಿದ ಮೇಲೆ ಒದ್ದೆ ಮಣ್ಣಿನಲ್ಲಿ ಉಳಿಯುವ ಹೆಜ್ಜೆಗುರುತುಗಳನ್ನು ಹೆಚ್ಚಿನ ಜನ ನೋಡುವುದೇ ಇಲ್ಲ. ಅವರ ಮೊಬೈಲುಗಳು ಆನೆಯ ಮುಖದ ಕಡೆಗಿರುತ್ತವೆ. ಆದರೆ ವಿದ್ಯಾರ್ಥಿಗಳಿಗೆ ನಿಜವಾದ ಪಾಠ ಇರುವುದು ಆ ಗುರುತಿನಲ್ಲಿ. ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚು ಕಡಿಮೆ ಆನೆಯ ಹೆಗಲಿನ ಎತ್ತರ ಸಿಗುತ್ತದೆ ಎಂಬುದು ಅರಣ್ಯದವರ ಹಳೆಯ ಲೆಕ್ಕ. ಮುಂಗಾಲಿನ ಗುರುತು ಅಡ್ಡಡ್ಡಲಾಗಿ 40 ಸೆಂ.ಮೀ. ಇದೆ ಎನ್ನೋಣ. ಅದನ್ನು ಪೈನಿಂದ ಗುಣಿಸಿದರೆ ಸುತ್ತಳತೆ ಸುಮಾರು 126 ಸೆಂ.ಮೀ.; ಅದರ ಎರಡರಷ್ಟು ಎರಡೂವರೆ ಮೀಟರ್. ಜೇಬಿನಲ್ಲಿ ಒಂದು ದಾರ, ಒಂದು ಅಳತೆಪಟ್ಟಿ ಇದ್ದರೆ ಸಾಕು. ಮಾವುತರ ಅನುಮತಿ ಪಡೆದು, ಆನೆ ದೂರ ಹೋದ ಮೇಲೆ ಅಳೆಯಬೇಕು ಎನ್ನುವುದು ಬೇರೆ ಹೇಳಬೇಕಿಲ್ಲ. ‘ಹಿಂದ್ಗಡೆಯಿಂದ ಬರಬೇಡ್ರೋ ಮಕ್ಳಾ, ಅದಕ್ಕೆ ಕಾಣಲ್ಲ’ ಎಂದು ಅವರು ಗದರುವುದು ಸಿಟ್ಟಿನಿಂದಲ್ಲ. ಮರಿ ಜೊತೆಗಿರುವ ತಾಯಿಯ ಹತ್ತಿರವಂತೂ ಅವರೇ ಹುಷಾರಾಗಿರುತ್ತಾರೆ.

ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಪಾಪ, ಸರಪಳಿ ಯಾಕೆ?’ ಜೊತೆಗಿರುವ ಅಪ್ಪ ಅಮ್ಮ ಐಸ್‌ಕ್ರೀಮಿನ ಕಡೆ ಮಾತು ತಿರುಗಿಸುವ ಬದಲು ನಿಜ ಹೇಳುವುದು ಮೇಲು. ಇಲ್ಲಿರುವ ಆನೆಗಳಲ್ಲಿ ಕೆಲವು ಬಿಡಾರದಲ್ಲೇ ಹುಟ್ಟಿದವು, ಕೆಲವು ತಾಯಿ ತಪ್ಪಿ ಬಂದವು, ಮತ್ತೆ ಕೆಲವು ಗದ್ದೆ ತೋಟಗಳಿಗೆ ನುಗ್ಗಿ ಸೆರೆಯಾದವು. ಹಾಗೆ ಸೆರೆಯಾದದ್ದನ್ನು ದಪ್ಪ ಮರದ ದಿಮ್ಮಿಗಳ ಕ್ರಾಲಿನಲ್ಲಿ ತಿಂಗಳುಗಟ್ಟಲೆ ಇಟ್ಟು ಪಳಗಿಸುತ್ತಾರೆ. ಗದ್ದೆಗೆ ನುಗ್ಗಿದ್ದು ಯಾಕೆ ಎಂದು ಮಗು ಮುಂದಿನ ಪ್ರಶ್ನೆ ಕೇಳಿದರೆ ಉತ್ತರ ಸುಲಭವಲ್ಲ. ಆನೆ ದಿನಕ್ಕೆ ನೂರೈವತ್ತು ಕಿಲೋ ಮೇವು ತಿನ್ನುವ ಪ್ರಾಣಿ. ಅದರ ಓಡಾಟದ ದಾರಿಗಳಲ್ಲಿ ಈಗ ಕಾಲುವೆ, ಹೆದ್ದಾರಿ, ತೋಟದ ಬೇಲಿಗಳಿವೆ. ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿದ ಹುಲ್ಲಿನ ಕಟ್ಟನ್ನು ಬಾಯಿಗಿಟ್ಟುಕೊಂಡು ತೃಪ್ತಿಯಿಂದ ಜಗಿಯುವ ಆನೆಯನ್ನು ನೋಡುತ್ತಾ ಇದನ್ನು ಯೋಚಿಸುವುದು ಮಕ್ಕಳಿಗೆ ಕಷ್ಟವಾಗಲಾರದು.

ಕಾಲಿನಲ್ಲಿ ಇನ್ನೂ ಕಸುವಿದ್ದವರು ಇಲ್ಲಿಂದ ಮುಂದೆ ಮಂಡಗದ್ದೆಯ ತನಕ ಹೋಗುತ್ತಾರೆ. ಶಿವಮೊಗ್ಗದಿಂದ ಅದು ಸುಮಾರು 30 ಕಿ.ಮೀ. ಈ ತುಣುಕೇ ಇಡೀ ದಾರಿಯಲ್ಲಿ ಅತ್ಯಂತ ಚೆಲುವಾದದ್ದು. ರಸ್ತೆ ಅಂಕುಡೊಂಕಾಗಿ ಮರಗಳ ನೆರಳಿನಲ್ಲಿ ಸಾಗುತ್ತದೆ. ತುಂಗೆ ಎಡಕ್ಕೆ ಕಂಡೂ ಕಾಣದಂತೆ ಜೊತೆಗಿರುತ್ತಾಳೆ. ಪೆಡಲ್ ನಿಲ್ಲಿಸಿದ ಇಳಿಜಾರುಗಳಲ್ಲಿ ಫ್ರೀವೀಲಿನ ಕಟಕಟ ಸದ್ದು ಬಿಟ್ಟರೆ ಹಕ್ಕಿಗಳ ಕೂಗು ಮಾತ್ರ. ಕಾರಿನಲ್ಲಿ ಹೋಗುವವರಿಗೆ ಇದು ಸಿಗುವುದಿಲ್ಲ.

ಮಂಡಗದ್ದೆಯಲ್ಲಿ ನದಿಯ ನಡುವೆ ಒಂದು ಎಕರೆಗೆ ತುಸು ಹೆಚ್ಚಿನ ಪುಟ್ಟ ನಡುಗಡ್ಡೆ. ಜುಲೈಯಿಂದ ಅಕ್ಟೋಬರ್ ತನಕ ಅದರ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತ ತುಂಬುಹೊಳೆ ಇದ್ದರೆ ಮೊಟ್ಟೆ ಕದಿಯುವ ಪ್ರಾಣಿಗಳು ಬರಲಾರವು. ಮರಿಗಳಿಗೆ ಮೀನು ಕಾಲಬುಡದಲ್ಲೇ. ಗೂಡಿಗೆ ಇದಕ್ಕಿಂತ ಜಾಣ ಜಾಗ ಬೇಕೆ? ರಸ್ತೆಯ ಪಕ್ಕದ ವೀಕ್ಷಣಾ ಗೋಪುರದಿಂದ ನೋಡಿದರೆ ಮರಗಳಿಗೆ ಹತ್ತಿ ಬಿಟ್ಟಂತೆ ಕಾಣುತ್ತದೆ. ರೆಕ್ಕೆ ಹರಡಿಕೊಂಡು ಬಟ್ಟೆ ಒಣಗಿಸಿದಂತೆ ಕೂತಿರುವುದು ನೀರುಕಾಗೆ ಅಥವಾ ಹಾವಕ್ಕಿ. ಬಾತುಕೋಳಿಯ ಗರಿಯಂತೆ ಇವುಗಳ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ, ಒದ್ದೆಯಾಗಿ ಭಾರವಾಗುತ್ತದೆ. ಮುಳುಗಿ ಮೀನು ಹಿಡಿಯಲು ಆ ಭಾರವೇ ಅನುಕೂಲ. ಹಾರುವ ಮೊದಲು ಒಣಗಬೇಕು, ಅಷ್ಟೆ. ಹಾವಕ್ಕಿ ಈಜುವಾಗ ಕತ್ತು ಮಾತ್ರ ಮೇಲಿರುವುದರಿಂದ ಹಾವೇ ಬಂದಂತೆ ಕಾಣುತ್ತದೆ.

ಮಂಡಗದ್ದೆಯ ದಡದಲ್ಲಿ ನಿಂತು ಎದುರು ದಂಡೆಯನ್ನು ನೋಡಿದವರಿಗೆ ಒಂದು ಆಸೆ ಹುಟ್ಟುವುದು ಸಹಜ: ಆ ಕಡೆಯೂ ಒಂದು ರಸ್ತೆ ಇದ್ದಿದ್ದರೆ ಬಿವಾದಂತೆ ಒಂದು ಪೂರ್ತಿ ಸುತ್ತು ಹಾಕಿ ಬರಬಹುದಿತ್ತಲ್ಲ! ಹಿನ್ನೀರಿಗೆ ಅಂಟಿಕೊಂಡು ಸಾಗುವ ಅಂಥ ದಾರಿ ಆಚೆ ದಡದಲ್ಲಿಲ್ಲ. ಇಲ್ಲದಿರುವುದೇ ಒಳ್ಳೆಯದು. ಬಿವಾದ ಸುತ್ತ ಇರುವುದು ಪಟ್ಟಣ, ಗದ್ದೆ, ರೈಲು ನಿಲ್ದಾಣ. ಇಲ್ಲಿ ಆಚೆ ಇರುವುದು ಕಾಡು. ಆನೆ ನೀರಿಗಿಳಿಯುವ ದಂಡೆಗೆ ಡಾಂಬರು ಹಾಕಿ ಸುತ್ತು ಪೂರ್ತಿ ಮಾಡಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಸಕ್ರೆಬೈಲಿಗೆ ಅರ್ಧ ಸುತ್ತೇ ಸಾಕು. ಆದರೆ ಇರುವ ಅರ್ಧ ಸುತ್ತು ಹೇಗಿದೆ ಎನ್ನುವುದು ಪ್ರಶ್ನೆ.

ಅದು ರಾಷ್ಟ್ರೀಯ ಹೆದ್ದಾರಿ 169. ಮಂಗಳೂರಿಗೆ ಹೋಗುವ ಲಾರಿ, ಹೊತ್ತಿಗೆ ಮುಟ್ಟುವ ಆತುರದ ಖಾಸಗಿ ಬಸ್ಸು, ವಾರದ ಕೊನೆಯಲ್ಲಿ ಪ್ರವಾಸಿಗರ ಕಾರುಗಳು, ಎಲ್ಲವೂ ಇದರಲ್ಲೇ. ಸೈಕಲ್ಲಿಗೆಂದು ಬೇರೆ ಪಟ್ಟಿಯಿಲ್ಲ. ಡಾಂಬರಿನ ಅಂಚು ಕೆಲವೆಡೆ ಗೇಣುದ್ದ ಕೆಳಗಿಳಿದಿರುತ್ತದೆ. ಹಿಂದಿನಿಂದ ಹಾರನ್ ಕೇಳಿ ಗಾಬರಿಯಿಂದ ಎಡಕ್ಕಿಳಿದ ಮಗು ಹ್ಯಾಂಡಲ್ ತಪ್ಪಿ ಬೀಳಲು ಅಷ್ಟೇ ಸಾಕು. ‘ಸೈಕಲ್ಲಿನಲ್ಲಿ ಸಕ್ರೆಬೈಲಿಗೆ ಹೋಗಿಬರ್ತೀನಿ’ ಎಂದ ಮಗಳಿಗೆ ಅಮ್ಮ ‘ಬೇಡ’ ಎನ್ನುವುದು ಆನೆಯ ಭಯದಿಂದಲ್ಲ, ಲಾರಿಯ ಭಯದಿಂದ. ಆ ಭಯ ನ್ಯಾಯವಾದದ್ದೇ.

ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ ಎಂಬುದನ್ನೂ ಬಿವಾದಿಂದಲೇ ಕಲಿಯಬಹುದು. ಆ 200 ಕಿ.ಮೀ. ಹಾದಿ ಎಲ್ಲ ಕಡೆಯೂ ಪ್ರತ್ಯೇಕ ಸೈಕಲ್ ರಸ್ತೆಯಲ್ಲ. ಅನೇಕ ಕಡೆ ಅದು ಕಾರು ಲಾರಿಗಳು ಓಡುವ ಮಾಮೂಲಿ ರಸ್ತೆಯೇ. ಅದರ ಎಡ ಅಂಚಿನಲ್ಲಿ ನೀಲಿ ಬಣ್ಣದ ಗೆರೆ, ಬಾಣದ ಗುರುತು ಬಳಿದಿದ್ದಾರೆ. ಆ ಗೆರೆ ಸವಾರನಿಗೆ ದಾರಿ ತೋರಿಸುತ್ತದೆ; ಡ್ರೈವರಿಗೆ ಇಲ್ಲಿ ಸೈಕಲ್ಲಿನವರೂ ಬರುತ್ತಾರೆಂದು ನೆನಪಿಸುತ್ತದೆ. ಶಿವಮೊಗ್ಗದಿಂದ ಸಕ್ರೆಬೈಲಿನ 14 ಕಿ.ಮೀ.ಗೆ ಎಡಬಲದಲ್ಲಿ ಒಂದೊಂದು ಮೀಟರ್ ಗಟ್ಟಿ ಅಂಚು, ಒಂದು ಗೆರೆ ಬಣ್ಣ, ಬಿಡಾರದ ಹತ್ತಿರ ವೇಗ ತಗ್ಗಿಸುವ ಉಬ್ಬು ಇಷ್ಟಾದರೆ ಅಮ್ಮಂದಿರಲ್ಲಿ ಅರ್ಧದಷ್ಟು ಜನ ‘ಹೂಂ, ಹುಷಾರು’ ಎನ್ನುತ್ತಾರೆ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡುತ್ತಿತ್ತು. 2020ರ ಕೋವಿಡ್ ನಂತರ ವಿತರಣೆ ನಿಂತಿತು. ಅಷ್ಟು ವರ್ಷ ಲಕ್ಷಗಟ್ಟಲೆ ಸೈಕಲ್ ಹಂಚಿದ ನಾಡಿನಲ್ಲಿ ಅವು ಓಡಾಡಲು ರಸ್ತೆಯಂಚಿನ ಒಂದು ಮೀಟರ್ ಜಾಗದ ಯೋಚನೆ ಮಾತ್ರ ಯಾರಿಗೂ ಬರಲಿಲ್ಲವಲ್ಲ!

ಬಿವಾದವರಿಗೆ ತಮ್ಮ ನೀರಿನ ಮೇಲಿನ ಅಕ್ಕರೆ ಸೈಕಲ್ಲಿನಿಂದ ಬಂದದ್ದಲ್ಲ, ಒಂದು ಪೆಟ್ಟಿನಿಂದ ಬಂದದ್ದು. 1977ರಲ್ಲಿ ಸರೋವರದ ಕೆಲವು ಭಾಗ ಪಾಚಿಯಂಥ ಸೂಕ್ಷ್ಮಜೀವಿಗಳು ವಿಪರೀತ ಬೆಳೆದು ಕೆಂಪಗೆ ತಿರುಗಿ ನಾರತೊಡಗಿತು. ಬಟ್ಟೆ ಒಗೆಯುವ ಪುಡಿಗಳಲ್ಲಿ ಆಗ ಫಾಸ್ಫೇಟ್ ಇರುತ್ತಿತ್ತು. ಗಡಸು ನೀರಿನಲ್ಲೂ ನೊರೆ ಬರಲು ಅದು ಬೇಕು. ಆದರೆ ಮೋರಿಯ ಮೂಲಕ ಸರೋವರ ಸೇರಿದ ಫಾಸ್ಫೇಟ್ ಅಲ್ಲಿ ಗೊಬ್ಬರವಾಗುತ್ತದೆ. ಪಾಚಿ ಹೆಚ್ಚುತ್ತದೆ, ಸಾಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಅಲ್ಲಿನ ಗೃಹಿಣಿಯರು ಗುಂಪು ಕಟ್ಟಿಕೊಂಡು ಆ ಪುಡಿ ಬಿಟ್ಟು ಸಾದಾ ಸಾಬೂನು ಬಳಸುವ ಚಳವಳಿ ನಡೆಸಿದರು. 1979ರಲ್ಲಿ ಶಿಗಾ ಪ್ರಾಂತ ಫಾಸ್ಫೇಟ್ ಇರುವ ಪುಡಿಗಳನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಿತು. 1983ರಲ್ಲಿ ‘ಉಮಿನೊಕೊ’ ಎಂಬ ಹಡಗನ್ನು ತೇಲುವ ಶಾಲೆಯಾಗಿ ಇಳಿಸಿತು. ಪ್ರಾಂತದ ಐದನೆಯ ತರಗತಿಯ ಮಕ್ಕಳು ಅದರಲ್ಲಿ ಸರೋವರದ ಮೇಲೆ ಹೋಗಿ, ನೀರನ್ನು ತಾವೇ ಎತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರುತ್ತಾರೆ.

ಬಿವಾದವರಿಗೆ ಇದು ಬೇಗ ಅರ್ಥವಾದದ್ದಕ್ಕೆ ಕಾರಣ, ಅವರು ಹಾಕಿದ ಕೊಳೆ ಅವರ ಕಣ್ಣೆದುರೇ ವರ್ಷಗಟ್ಟಲೆ ಉಳಿಯುತ್ತದೆ. ತುಂಗೆಯ ಕತೆ ಬೇರೆ. ಹದಿನೆಂಟು ಗಂಟೆಯಲ್ಲಿ ನೀರು ಬದಲಾಗುವ ಹೊಳೆ ಮಳೆಗಾಲದಲ್ಲಿ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಸಕ್ರೆಬೈಲಿಗೆ ಬರುವ ನೀರಿನಲ್ಲಿ ಶೃಂಗೇರಿ, ತೀರ್ಥಹಳ್ಳಿಗಳ ಬಚ್ಚಲಿನ ಪಾಲಿದೆ. ಶಿವಮೊಗ್ಗದ ಪಾಲು ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ ಹೊನ್ನಾಳಿ, ಹರಿಹರಗಳ ಕಡೆ ಹೋಗುತ್ತದೆ. ಕೊಳೆ ಮಾಡಿದವನಿಗೆ ಅದು ಕಾಣುವುದಿಲ್ಲ, ಕುಡಿಯುವವನಿಗೆ ಮಾಡಿದವನು ಕಾಣುವುದಿಲ್ಲ. ಬೇಸಿಗೆಯಲ್ಲಿ ಹರಿವು ನಿಂತಾಗ ಮಾತ್ರ ದಡದ ಹಸಿರು ಲೋಳೆ ಸತ್ಯ ಹೇಳುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಗಾದೆ ಕಟ್ಟಿದವರ ನಾಡಿನಲ್ಲಿ, 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊಳೆಯ ಗುಂಟ ಪಾದಯಾತ್ರೆ ಹೊರಟು ನೀರನ್ನು ಉಳಿಸಿ ಎಂದು ಕೇಳಬೇಕಾಯಿತು. ಶಿವಮೊಗ್ಗದ ನಲ್ಲಿಗಳಲ್ಲಿ ಬರುವುದು ಇದೇ ತುಂಗೆ.

ಹೋಗಬೇಕೆನ್ನುವವರಿಗೆ ಅಕ್ಟೋಬರ್ ಅತ್ಯುತ್ತಮ ತಿಂಗಳು. ಮಳೆ ತಗ್ಗಿರುತ್ತದೆ, ಹಿನ್ನೀರು ತುಂಬಿರುತ್ತದೆ, ಮಂಡಗದ್ದೆಯಲ್ಲಿ ಹಕ್ಕಿಗಳು ಇನ್ನೂ ಇರುತ್ತವೆ. ನಾಲ್ಕೈದು ಮಕ್ಕಳಾದರೆ ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು ಇರಲೇಬೇಕು. ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು. ಜೋಡಿಯಾಗಿ ಹರಟುತ್ತಾ ಹೋಗುವುದಕ್ಕೆ ಈ ರಸ್ತೆ ತಕ್ಕದ್ದಲ್ಲ. ಬ್ರೇಕು ಹಿಂದಿನ ದಿನವೇ ನೋಡಿಕೊಳ್ಳಬೇಕು. ಹೆಲ್ಮೆಟ್, ಗಾಳಿಪಂಪು, ಪಂಕ್ಚರ್ ಸಾಮಾನು, ನೀರಿನ ಬಾಟಲಿ, ಬುತ್ತಿ. ಬುತ್ತಿಯ ಕವರು ಮನೆಗೇ ವಾಪಸು ಬರಬೇಕು. ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಈ ದಾರಿ ಬೇಡ. ಶೆಟ್ಟಿಹಳ್ಳಿಯ ಕಾಡಾನೆಗಳಿಗೆ ಸೈಕಲ್ ಬೆಲ್ಲು ಕೇಳಿ ದಾರಿ ಬಿಡುವ ಅಭ್ಯಾಸವಿಲ್ಲ. ಅಷ್ಟು ದೂರ ಬೇಡವೆನ್ನುವ ಚಿಕ್ಕವರು ಸಕ್ರೆಬೈಲಿನಲ್ಲೇ ಹಿಂದಿರುಗಬಹುದು. ಭದ್ರಾವತಿಯಿಂದ ಬರುವವರಿಗೆ ಶಿವಮೊಗ್ಗದ ತನಕ ಇನ್ನೂ ಇಪ್ಪತ್ತು ಕಿ.ಮೀ. ಸೇರುತ್ತದೆಂಬುದು ನೆನಪಿರಲಿ.

ಮರಳುವಾಗ ಹನ್ನೊಂದು ದಾಟಿದರೆ ಸಕ್ರೆಬೈಲಿನ ದಡ ಬಿಕೋ ಎನ್ನುತ್ತಿರುತ್ತದೆ. ಆನೆಗಳನ್ನು ಮತ್ತೆ ಕಾಡಿಗೆ ಅಟ್ಟುವ ಹೊತ್ತು ಅದು. ನೀರು ಈಗ ಬಲಕ್ಕೆ, ಲಾರಿಗಳ ಆಚೆ. ಕಾಡು ಎಡಕ್ಕೆ, ಕೈಗೆಟಕುವಷ್ಟು ಹತ್ತಿರ. ಅದರೊಳಗಿನಿಂದ ಎಲ್ಲೋ ಬಿದಿರು ಮುರಿಯುವ ಲಟಲಟ ಸದ್ದು, ಅದರ ಹಿಂದೆಯೇ ಸರಪಳಿ ಎಳೆಯುವ ಸದ್ದು ಕೇಳಿಬರುತ್ತದೆ.